ಕುದುರೆ ಸವಾರನ ಸರಂಜಾಮು: ಕೆಲವು ಪದಗಳ ಬಗ್ಗೆ ಕೇಳಬೇಕಿತ್ತು

ಗೆಳೆಯರೇ,

ಮೊದಲ ಮಹಾಯುದ್ಧಕ್ಕೆ ಹೋದ ಮೈಸೂರು ಸಂಸ್ಥಾನದ ಕುದುರೆ ದಂಡು, ಅಂದರೆ ಮೈಸೂರು ಲ್ಯಾನ್ಸರ್ಸ್ ಸವಾರರ ಬಗ್ಗೆ ಹೈಸ್ಕೂಲು ಮಕ್ಕಳಿಗಾಗಿ ಒಂದು ಬರಹ ಮಾಡುತ್ತಿದ್ದೇನೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರ ಜೊತೆ ಸೇರಿ ಪ್ಯಾಲೆಸ್ಟೈನಿನ ಹೈಫಾ ಪಟ್ಟಣ ಗೆದ್ದ ಕಥೆ ಈಗ ಎಲ್ಲರಿಗೂ ಗೊತ್ತು. ಆದರೆ ಆ ಸವಾರರು ಏನೇನು ಹೊತ್ತುಕೊಂಡು ಹೋಗುತ್ತಿದ್ದರು? ಅದನ್ನು ಕನ್ನಡದಲ್ಲಿ ಬರೆಯಲು ಕೂತರೆ ಸಾಲುಸಾಲಿಗೂ ಪದ ಹುಡುಕಬೇಕಾಗಿದೆ.

ಮೊದಲು ಒಟ್ಟಾರೆ ಪದ. ಸೈನಿಕನ 'ಕಿಟ್' ಅನ್ನುವುದಕ್ಕೆ ಪತ್ರಿಕೆಗಳಲ್ಲಿ 'ಪರಿಕರ', 'ಸಾಮಗ್ರಿ' ಅಂತೆಲ್ಲ ಬರೆಯುತ್ತಾರೆ. ಎರಡೂ ನನಗೆ ಸಪ್ಪೆ ಅನಿಸುತ್ತವೆ. ನನ್ನ ಓಟು 'ಸರಂಜಾಮು' ಪದಕ್ಕೆ. ಮನೆ ಬದಲಾಯಿಸುವಾಗ ನಾವು ಸಾಮಾನು ಸರಂಜಾಮು ಕಟ್ಟುತ್ತೇವಲ್ಲ, ಅದೇ ಪದ. ಪಾರ್ಸಿ ಮೂಲದ್ದು. ಮರಾಠರ ಆಡಳಿತದಲ್ಲಿ ಸರದಾರರಿಗೆ ಸೈನ್ಯ ಸಾಕಲು ಅಂತ ಬಿಟ್ಟುಕೊಡುತ್ತಿದ್ದ ಊರುಗಳ ಕಂದಾಯಕ್ಕೂ ಸರಂಜಾಮು ಅಂತಲೇ ಹೆಸರು, ಬೆಳಗಾವಿ ಧಾರವಾಡದ ಕಡೆ ಸರಂಜಾಮುದಾರರು ಇದ್ದರು. ದಂಡಿನ ಜೊತೆ ಇಷ್ಟು ಹಳೇ ನಂಟಿರುವ ಪದವನ್ನು ಬಿಟ್ಟು ಬೇರೆ ಯಾಕೆ ಹುಡುಕಬೇಕು ಅಂತ ನನ್ನ ವಾದ. ಒಪ್ಪದವರು ದಯವಿಟ್ಟು ಕಾರಣ ಬರೆಯಿರಿ.

ಜೀನು, ಲಗಾಮು, ಸವಾರ ಕಾಲಿಡುವ ರಿಕಾಪು ಇವಕ್ಕೆ ಚಿಂತೆಯಿಲ್ಲ. ಜೀನಿಗೆ 'ಹಲ್ಲಣ' ಅನ್ನುವ ಚಂದದ ಹಳೇ ಪದ ಇದೆ, ಅಲ್ಲಮನ ವಚನದಲ್ಲೇ ಇದೆ, ಆದರೆ ಮಕ್ಕಳಿಗೆ ಜೀನೇ ಸಾಕು. ಗುಂಡುಗಳನ್ನು ಸಾಲಾಗಿ ಸಿಕ್ಕಿಸಿ ಎದೆಗೆ ಅಡ್ಡ ಹಾಕುವ, ಕುದುರೆ ಕುತ್ತಿಗೆಗೂ ಸುತ್ತುವ ಪಟ್ಟಿಗೆ 'ತೋಟೆಪಟ್ಟಿ' ಅಂತ ಬರೆದಿದ್ದೇನೆ. ಮಲೆನಾಡಿನವರು ತೋಟೆ ಕೋವಿ ಅನ್ನುತ್ತಾರಲ್ಲ, ಆ ತೋಟೆ, ಅಂದರೆ ಕಾರ್ಟ್ರಿಡ್ಜ್. ಜೀನಿನ ಎರಡು ಪಕ್ಕಕ್ಕೂ ಇಳಿಬೀಳುವ ಚೀಲಕ್ಕೆ 'ಹಸುಬೆ'. ಇದಕ್ಕಿಂತ ಸರಿಯಾದ ಪದ ಸಿಗಲಾರದು: ಹಿಂದಿನವರು ಒಂದು ಬಾಯಿ ಎದೆಗೆ, ಇನ್ನೊಂದು ಬೆನ್ನಿಗೆ ಬರುವ ಹಾಗೆ ಹೆಗಲಿಗೆ ಹಾಕುತ್ತಿದ್ದದ್ದೂ ಹಸುಬೆಯೇ, ಎತ್ತಿನ ಬೆನ್ನಿಗೆ ಹೇರುತ್ತಿದ್ದದ್ದೂ ಹಸುಬೆಯೇ.

ಇನ್ನು ಊಟದ ವಿಷಯ. ಭಾರತದ ಸೈನಿಕರಿಗೆ ಗೋಧಿಹಿಟ್ಟು, ಬೇಳೆ, ತುಪ್ಪ, ಬೆಲ್ಲ ಇಂಥವನ್ನು ತಲೆಗಿಷ್ಟು ಅಂತ ಅಳೆದು ಕೊಡುತ್ತಿದ್ದರು. ಇದನ್ನು ಕೆಲವರು 'ಬುತ್ತಿ' ಅಂತ ಅನುವಾದಿಸಿದ್ದು ನೋಡಿ ಬೇಜಾರಾಯಿತು. ಬುತ್ತಿ ಮನೆಯವರು ಕಟ್ಟಿಕೊಡುವುದು, ಅಡುಗೆಯಾಗಿರುವುದು. ಸರ್ಕಾರ ಅಳೆದು ಕೊಡುವುದು ಪಡಿ. ಪಡಿತರ ಅಂತ ಇವತ್ತಿಗೂ ಹೇಳುತ್ತೇವೆ, ಅಲ್ವಾ? ಹಾಗಾಗಿ ದಿನದ ರೇಷನ್ 'ದಿನಪಡಿ'. ಬೇರೇನೂ ಸಿಗದಾಗ, ಅದೂ ಅಧಿಕಾರಿ ಅಪ್ಪಣೆ ಕೊಟ್ಟರೆ ಮಾತ್ರ ಬಿಚ್ಚಬೇಕಾದ ಪೊಟ್ಟಣ ಒಂದಿರುತ್ತಿತ್ತು. ಅದಕ್ಕೆ 'ಕಡೇಪಡಿ' ಅಂದರೆ ಹೇಗೆ? 'ಆಪತ್ಪಡಿ' ನಾಲಿಗೆಗೆ ಕಷ್ಟ.

ಇಲ್ಲೊಂದು ಮಾತು ಜೋರಾಗಿಯೇ ಹೇಳಬೇಕು. ಭಾರತದ ಸಿಪಾಯಿಗಳು ತಮ್ಮ 'ಲೋಟಾ' ಜೊತೆಗಿಟ್ಟುಕೊಳ್ಳುತ್ತಿದ್ದರು ಅಂತ ಇಂಗ್ಲಿಷ್ ಬರಹಗಳಲ್ಲಿ ಬರುತ್ತದೆ. ಅದನ್ನು ಕನ್ನಡದಲ್ಲಿ ಲೋಟ ಅಂತ ಬರೆಯಬೇಡಿ. ಹಿಂದಿಯ ಲೋಟಾ ನಮ್ಮ ಚೊಂಬು, ಉತ್ತರ ಕರ್ನಾಟಕದವರ ತಂಬಿಗೆ. ಕಿರಿದಾದ ಕುತ್ತಿಗೆಯ, ಹಗ್ಗ ಕಟ್ಟಿ ಬಾವಿಗೆ ಇಳಿಬಿಡಬಹುದಾದ ಪಾತ್ರೆ. ಲೋಟಕ್ಕೆ ಹಗ್ಗ ಎಲ್ಲಿ ನಿಲ್ಲುತ್ತದೆ? ನೀರಿಗೆ ಅಷ್ಟು ತಾಪತ್ರಯ ಇದ್ದ ಪ್ಯಾಲೆಸ್ಟೈನಿನಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

ನಿಜವಾಗಿ ಸಿಕ್ಕಿಹಾಕಿಕೊಂಡಿರುವುದು ಕುದುರೆಯ ಕಾಳಿನ ಚೀಲದ ಹತ್ತಿರ. ಆ ರಣರಂಗದ ಕುದುರೆಗಳು ಸವಾರನೂ ಸೇರಿ ಸುಮಾರು 20 ಸ್ಟೋನ್, ಅಂದರೆ 125 ಕಿಲೋಗಿಂತ ಜಾಸ್ತಿ ಭಾರ ಹೊರುತ್ತಿದ್ದವು. ಅದರಲ್ಲಿ ಅವುಗಳ ಮೇವಿನ ಕಾಳೂ ಸೇರಿತ್ತು. ಕ್ಯಾನ್ವಾಸ್ ಚೀಲದಲ್ಲಿ ಕಾಳು ಹಾಕಿ, ಮೂತಿ ಒಳಗೆ ಹೋಗುವ ಹಾಗೆ ತೊಡಿಸಿ, ಪಟ್ಟಿಯನ್ನು ಕಿವಿಯ ಹಿಂದಕ್ಕೆ ಏರಿಸುವುದು. ಕುದುರೆ ನಿಂತಲ್ಲೇ ತಿನ್ನುತ್ತದೆ, ಒಂದು ಕಾಳೂ ಮರಳಿಗೆ ಚೆಲ್ಲುವುದಿಲ್ಲ. ಈ ಚೀಲಕ್ಕೆ ಏನನ್ನುವುದು? ಒಬ್ಬರು 'ಬಾಯಿಕುಕ್ಕೆ' ಅಂತ ಸೂಚಿಸಿದರು. ಕುಕ್ಕೆ ಕಟ್ಟುವುದು ಎತ್ತು ಪೈರಿಗೆ ಬಾಯಿ ಹಾಕದಿರಲಿ ಅಂತ, ಇದು ತಿನ್ನಲಿ ಅಂತ. ಪೂರ್ತಿ ತಿರುಗುಮುರುಗು. ಹಿಂದಿ ಉರ್ದುವಿನಲ್ಲಿ 'ತೋಬ್ರಾ' ಇದೆ. 'ಕಾಳುಚೀಲ' ಅಂದರೆ ಗೋದಾಮಿನ ಮೂಟೆ ಅನಿಸುತ್ತದೆ. ಸುಮ್ನೆ 'ಮೂತಿಚೀಲ' ಅಂತ ಹೊಸದಾಗಿ ಕಟ್ಟಬಹುದು, ಆದರೆ ಬಳಕೆಯಲ್ಲಿರುವ ಪದ ಒಂದಿದ್ದೇ ಇರಬೇಕು.

ಮೈಸೂರು, ಶ್ರೀರಂಗಪಟ್ಟಣ, ವಿಜಯಪುರದವರು ಇಲ್ಲಿ ಇದ್ದೀರಿ. ನಿಮ್ಮೂರಿನ ಟಾಂಗಾದವರು ಕುದುರೆಗೆ ಹುರುಳಿಯನ್ನೋ ಹೊಟ್ಟನ್ನೋ ಕಟ್ಟುವ ಆ ಚೀಲಕ್ಕೆ ಏನು ಹೇಳುತ್ತಾರೆ, ಒಮ್ಮೆ ಕೇಳಿ ಬರೆಯುತ್ತೀರಾ? ಉರ್ದು ಮಾತಾಡುವವರು ಹೇಳುವುದೂ ಬೇಕು, ಕನ್ನಡದವರು ಹೇಳುವುದೂ ಬೇಕು. ಉಚ್ಚಾರ ಅವರ ಬಾಯಲ್ಲಿ ಹೇಗಿದೆಯೋ ಹಾಗೇ ಬರೆಯಿರಿ, ತಿದ್ದಬೇಡಿ.