ಪದಚರ್ಚೆ: ನೆಟ್ಟಗೆ ಹಾಯ್ದ ತಂತಿ ‘ಒಂದು ಸುತ್ತು’ ಆಗುವುದು ಹೇಗೆ?

ಕೇಳಿಕೆ:

ನಮಸ್ಕಾರ. ಹವ್ಯಾಸಿ ರೇಡಿಯೋದವರು ಮನೆಯಲ್ಲೇ ಮಾಡಿಕೊಳ್ಳಬಹುದಾದ ಡೈರೆಕ್ಷನಲ್ ಕಪ್ಲರ್ (ಆಂಟೆನಾಕ್ಕೆ ಹೋಗುವ ಪವರ್‌ನ ಮತ್ತು ಅಲ್ಲಿಂದ ಮರಳುವ ಪವರ್‌ನ ಚಿಕ್ಕ ಪಾಲನ್ನು ಬೇರೆಬೇರೆಯಾಗಿ ಅಳತೆಗೆ ತೆಗೆದುಕೊಡುವ ಸಾಧನ) ಬಗ್ಗೆ ಕನ್ನಡದಲ್ಲೊಂದು ಕೈಪಿಡಿ ಸಿದ್ಧವಾಗುತ್ತಿದೆ. 1.8ರಿಂದ 30 ಮೆಗಾಹರ್ಟ್ಸ್‌ವರೆಗೆ, 100 ವ್ಯಾಟ್‌ಗೆ. ಎರಡು ಎಫ್‌ಟಿ50-43 ಫೆರೈಟ್ ಬಳೆ, ಒಂದೊಂದಕ್ಕೂ 32 ಸುತ್ತು ಎನಾಮೆಲ್ ತಂತಿ, ಎರಡರ ತೂತಿನಲ್ಲೂ ಒಂದೊಂದು ಗೇಣಿಗಿಂತ ಚಿಕ್ಕದಾದ ಆರ್‌ಜಿ-58 ಕೋಆಕ್ಸ್ (ನಡುತಂತಿಯ ಸುತ್ತ ಹೆಣೆದ ಲೋಹದ ಶೀಲ್ಡ್ ಇರುವ ಕೇಬಲ್) ತುಂಡು. ಮೂರು ಪದಗಳು ಕೈಕೊಡುತ್ತಿವೆ. ತೂತಿನಲ್ಲಿ ನೆಟ್ಟಗೆ ಹಾಯುವ ಕೋಆಕ್ಸನ್ನೂ ಇಂಗ್ಲಿಷಿನಲ್ಲಿ ‘ಟರ್ನ್’ ಎಂದೇ ಎಣಿಸುತ್ತಾರೆ. ಅದನ್ನು ‘ಸುತ್ತು’ ಎನ್ನಬಹುದೇ? ಕಪ್ಲಿಂಗ್‌ಗೆ ‘ಜೋಡಣೆ’ ಸರಿಯೇ? ಡೈರೆಕ್ಟಿವಿಟಿಗೆ ಕರಡಿನಲ್ಲಿ ‘ದಿಕ್ಸೂಚಕತೆ’ ಎಂದಿದೆ, ಉಳಿಸಿಕೊಳ್ಳಬಹುದೇ?

ಉತ್ತರ:

ಮೊದಲನೆಯದೇ ಮುಖ್ಯವಾದದ್ದು, ಅಲ್ಲಿಂದಲೇ ಶುರುಮಾಡುತ್ತೇನೆ. ಕನ್ನಡದಲ್ಲಿ ಸುತ್ತು ಎಂದರೆ ಬಳಸಿಕೊಂಡು ಬಂದು ಹೊರಟಲ್ಲಿಗೇ ಸೇರುವುದು. ದೇವಸ್ಥಾನಕ್ಕೆ ಒಂದು ಸುತ್ತು ಬಂದಂತೆ. ‘ಕೋಆಕ್ಸ್ ಒಂದು ಸುತ್ತು’ ಎಂದು ಬರೆದರೆ ಓದುಗರು ಅದನ್ನು ತೂತಿನಲ್ಲಿ ತೂರಿಸಿ, ಹೊರಗಿನಿಂದ ತಂದು, ಮತ್ತೊಮ್ಮೆ ತೂರಿಸುತ್ತಾರೆ. ಅಲ್ಲಿಗೆ ಲೆಕ್ಕ ಎರಡಾಯಿತು. 32:1 ಇರಬೇಕಾದದ್ದು 16:1 ಆಗಿ, ಕಪ್ಲಿಂಗ್ 30 ಡಿಬಿ (ಡೆಸಿಬೆಲ್, ಪವರ್‌ಗಳ ಅನುಪಾತದ ಅಳತೆ) ಬರಬೇಕಾದಲ್ಲಿ 24 ಡಿಬಿ ಬರುತ್ತದೆ. 100 ವ್ಯಾಟ್‌ಗೆ ಅಳತೆಯ ಕಡೆ ಸುಮಾರು 100 ಮಿಲಿವ್ಯಾಟ್ ಸಿಗಬೇಕಿತ್ತು, 390 ಸಿಗುತ್ತದೆ. ಕಾಲು ವ್ಯಾಟ್‌ನ ರೆಸಿಸ್ಟರ್ ಒಂದೇ ಹಾಕಿದ್ದರೆ ಅದು ಕಪ್ಪಾಗುತ್ತದೆ. ಒಂದು ಬಳೆಯಲ್ಲಿ ಮಾತ್ರ ಹೀಗಾದರೆ ಇನ್ನೂ ಕೆಟ್ಟದ್ದು. ಎರಡು ಬಳೆಗಳ ಸಮತೋಲ ತಪ್ಪಿ, ಹೋಗುವ ಪವರ್ ಮತ್ತು ಮರಳುವ ಪವರ್ ನಡುವಿನ ವ್ಯತ್ಯಾಸ 10 ಡಿಬಿಯೂ ಉಳಿಯುವುದಿಲ್ಲ.

ಇದಕ್ಕೆ ನಮ್ಮಲ್ಲಿ ಒಳ್ಳೆಯ ಮಾತಿದೆ: ಪೋಣಿಸು. ಮಣಿಯನ್ನು ದಾರಕ್ಕೆ ಪೋಣಿಸುವಾಗ ಯಾರೂ ದಾರವನ್ನು ಮಣಿಯ ಹೊರಗೆ ಸುತ್ತುವುದಿಲ್ಲ. ‘ಬಳೆಯನ್ನು ಕೋಆಕ್ಸ್‌ಗೆ ಮಣಿಯಂತೆ ಪೋಣಿಸಿ; ಇದೇ ಒಂದು ಸುತ್ತಿಗೆ ಸಮ’ ಎಂದು ಬರೆಯಿರಿ. ಎನಾಮೆಲ್ ತಂತಿಗೆ ‘ಸುತ್ತು’ ಇರಲಿ, ಆದರೆ ಎಣಿಕೆ ತೂತಿನ ಒಳಗೆ ಎಂದು ಸ್ಪಷ್ಟವಾಗಿ ಹೇಳಬೇಕು. ಹೊರಗಿನ ಅಂಚಿನಲ್ಲಿ ಎಣಿಸಿದವರಿಗೆ ಒಂದು ಹೆಚ್ಚು ಕಡಿಮೆ ಆಗಿಯೇ ಆಗುತ್ತದೆ. 28 ಎಸ್‌ಡಬ್ಲ್ಯೂಜಿ (ತಂತಿಯ ದಪ್ಪದ ಅಳತೆ) ತಂತಿ, ಒಂದು ಬಳೆಗೆ 65 ಸೆಂಟಿಮೀಟರ್ ಕತ್ತರಿಸಿಕೊಂಡರೆ ಎರಡೂ ತುದಿಗೆ ಬೆಸುಗೆಗೆ ಮಿಗುತ್ತದೆ. ಒಂದೇ ಪದರದಲ್ಲಿ ಸುತ್ತಿದರೆ ತೂತಿನಲ್ಲಿ ಆರ್‌ಜಿ-58 ಹೊರಗವಚದ ಸಮೇತ ಹಿಡಿಯುತ್ತದೆ. ಸುತ್ತುಗಳು ಒಂದರ ಮೇಲೊಂದು ಏರಿದರೆ ಹಿಡಿಯುವುದಿಲ್ಲ.

ನೆಟ್ಟಗೆ ಹಾಯ್ದದ್ದು ಸುತ್ತು ಹೇಗೆ ಆಯಿತು ಎಂದು ಓದುಗರು ಕೇಳಿದರೆ, ಸುತ್ತು ಪೂರ್ತಿಯಾಗುವುದು ಬಳೆಯ ಹೊರಗೆ, ಡಬ್ಬಿಯ ಗ್ರೌಂಡ್ ದಾರಿಯಲ್ಲಿ ಎನ್ನಬೇಕು. ಇದು ತಲೆಗೆ ಹೋದರೆ ಇನ್ನೊಂದು ತಪ್ಪೂ ತಾನಾಗಿ ತಪ್ಪುತ್ತದೆ. ಕೋಆಕ್ಸ್‌ನ ಹೆಣೆದ ಶೀಲ್ಡನ್ನು ಒಂದೇ ತುದಿಯಲ್ಲಿ ಗ್ರೌಂಡ್ ಮಾಡಬೇಕು. ಎರಡೂ ತುದಿಗೆ ಬೆಸುಗೆ ಹಾಕಿದರೆ ಶೀಲ್ಡ್ ಮತ್ತು ಡಬ್ಬಿ ಸೇರಿ ಅದೇ ಒಂದು ಶಾರ್ಟ್ ಆದ ಸುತ್ತಾಗಿ, ರೀಡಿಂಗ್ ಕುಸಿದುಬಿಡುತ್ತದೆ.

‘ಜೋಡಣೆ’ ಬೇಡ. ಅದೇ ಕೈಪಿಡಿಯಲ್ಲಿ ‘ಜೋಡಣೆ ಮುಗಿದ ಮೇಲೆ’ ಎಂದೂ ‘ಜೋಡಣೆ 30 ಡಿಬಿ’ ಎಂದೂ ಬಂದರೆ ಓದುಗರು ಏನು ತಿಳಿಯಬೇಕು? ಕಪ್ಲಿಂಗ್ ಎಂದೇ ಇಟ್ಟುಕೊಳ್ಳಿ, ಆದರೆ ಮೊದಲ ಸಲ ಬಂದಾಗ ಬಿಡಿಸಿ ಹೇಳಿ: ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ತೆಗೆದಂತೆ, ಲೈನಿನಲ್ಲಿ ಹರಿಯುವ ಪವರ್‌ನಿಂದ ಸಾವಿರದಲ್ಲಿ ಒಂದು ಪಾಲು ತೆಗೆದರೆ 30 ಡಿಬಿ. ಸುತ್ತುಗಳ ಸಂಖ್ಯೆಯ ಲಾಗರಿದಮ್‌ನ 20 ಪಟ್ಟು ಎಂಬ ಸೂತ್ರವನ್ನು ಆಮೇಲೆ ಕೊಡಿ.

‘ದಿಕ್ಸೂಚಕತೆ’ಯನ್ನು ಖಂಡಿತ ತೆಗೆಯಬೇಕು. ದಿಕ್ಸೂಚಿ ಎಂದೊಡನೆ ಹಡಗಿನ ಮುಳ್ಳು ಕಣ್ಣಮುಂದೆ ಬರುತ್ತದೆ. ಇನ್ನೊಂದು ತೊಡಕು, ಆಂಟೆನಾದ ಡೈರೆಕ್ಟಿವಿಟಿ ಎಂದರೆ ಒಂದು ಕಡೆಗೆ ಒಟ್ಟುಗೂಡಿಸುವ ಗುಣ. ಕಪ್ಲರ್‌ನದು ಹೋಗುವುದನ್ನೂ ಮರಳುವುದನ್ನೂ ಬೇರೆಬೇರೆಯಾಗಿ ಗುರುತಿಸುವ ಗುಣ. ಇಂಗ್ಲಿಷಿನಲ್ಲಿ ಒಂದೇ ಪದವಿದೆ ಎಂದು ನಾವೂ ಒಂದಕ್ಕೇ ಕಟ್ಟುಬೀಳಬೇಕಿಲ್ಲ. ಕಪ್ಲರ್‌ಗೆ ‘ದಿಗ್ಭೇದ’ ಎಂಬುದು ನನ್ನ ಆಯ್ಕೆ. ಐಸೊಲೇಷನ್‌ಗೆ (ಒಂದು ದಿಕ್ಕಿನ ಪವರ್ ಇನ್ನೊಂದು ದಿಕ್ಕಿನ ಸಾಕೆಟ್‌ಗೆ ಬಾರದಂತೆ ತಡೆಯುವ ಪ್ರಮಾಣಕ್ಕೆ) ‘ಬೇರ್ಪಡಿಕೆ’ ಕೊಟ್ಟರೆ, ಕಪ್ಲಿಂಗ್ 30, ದಿಗ್ಭೇದ 25, ಬೇರ್ಪಡಿಕೆ 55 ಡಿಬಿ ಎಂದು ಕೂಡಿಸಿ ಬರೆಯಲೂ ಅನುಕೂಲ.

ದಿಗ್ಭೇದ 20 ಡಿಬಿ ಇರುವ ಕಪ್ಲರ್‌ಗೆ ಚೊಕ್ಕ 50 ಓಮ್ ಲೋಡ್ ಕೊಟ್ಟರೂ ಎಸ್‌ಡಬ್ಲ್ಯೂಆರ್ (ಲೈನಿಗೂ ಲೋಡ್‌ಗೂ ಇರುವ ಹೊಂದಿಕೆಯ ಅಳತೆ; 1 ಎಂದರೆ ಪೂರ್ತಿ ಹೊಂದಿಕೆ) 1.22 ತೋರಿಸುತ್ತದೆ. 30 ಡಿಬಿ ಇದ್ದರೆ 1.07. ಹೆಚ್ಚಾಗಿ ತೋರಿಸುವುದಷ್ಟೇ ಆದರೆ ಸಹಿಸಬಹುದಿತ್ತು. ಅದೇ 20 ಡಿಬಿಯ ಕಪ್ಲರ್, ನಿಜವಾಗಿ 1.22 ಇರುವ ಆಂಟೆನಾಕ್ಕೆ 1.0ರಿಂದ 1.5ರವರೆಗೆ ಏನನ್ನಾದರೂ ತೋರಿಸಬಹುದು. ಪರೀಕ್ಷೆಗೆ ಆಂಟೆನಾ ಬದಲು ಹಾಕುವ ರೆಸಿಸ್ಟರ್, ಅಂದರೆ ಡಮ್ಮಿ ಲೋಡ್‌ನ ಎಸ್‌ಡಬ್ಲ್ಯೂಆರೇ 1.1 ಆಗಿದ್ದರೆ 26 ಡಿಬಿಗಿಂತ ಮೇಲಿನ ದಿಗ್ಭೇದವನ್ನು ನಂಬುವಂತೆ ಅಳೆಯಲಾಗದು ಎಂಬುದನ್ನೂ ಸೇರಿಸಿ.

ಇನ್ನೊಂದು ಉತ್ತರ:

‘ಪೋಣಿಸು’ ಒಪ್ಪಿಗೆ. ‘ಹೋಗುವ, ಮರಳುವ’ ಎಂದು ಕ್ರಿಯಾಪದದಲ್ಲೇ ಹೇಳಿದ್ದೂ ಒಳ್ಳೆಯದು. ಡಬ್ಬಿಯ ಮೇಲೆ ಸಾಕೆಟ್ ಪಕ್ಕ ಬರೆಯಲು ‘ಮರಳು’ ಎಂದು ಮೊಟಕು ಮಾಡಬೇಡಿ, ಹೊಳೆಯ ಮರಳಾಗುತ್ತದೆ. ಮುಮ್ಮುಖ, ಹಿಮ್ಮುಖ ಚಿಕ್ಕದಾಗಿ ಕೂರುತ್ತವೆ. ಆದರೆ ಬರೆಯುವ ಮೊದಲು ಡಮ್ಮಿ ಲೋಡ್ ಹಾಕಿ ನೋಡಬೇಕು. ಒಂದು ಬಳೆಯ ಎರಡು ತುದಿಗಳು ಅದಲುಬದಲಾಗಿದ್ದರೆ ಮುಮ್ಮುಖ ಹಿಮ್ಮುಖ ಸಾಕೆಟ್‌ಗಳೂ ಅದಲುಬದಲಾಗಿರುತ್ತವೆ. ಬಿಚ್ಚಿ ಸುತ್ತುವ ಅಗತ್ಯವಿಲ್ಲ, ಹೆಸರು ಬದಲಿಸಿದರೆ ಆಯಿತು. ಎರಡು ಬಳೆಗಳ ನಡುವೆ ತವರ ಅಥವಾ ತಾಮ್ರದ ತಗಡಿನ ಅಡ್ಡಗೋಡೆ ನಿಲ್ಲಿಸುವುದು ಕರಡಿನಲ್ಲಿ ಬಿಟ್ಟುಹೋಗಿದ್ದರೆ ಸೇರಿಸಿ. ಅದಿಲ್ಲದಿದ್ದರೆ 28 ಮೆಗಾಹರ್ಟ್ಸ್‌ನಲ್ಲಿ ದಿಗ್ಭೇದ ಬಿದ್ದುಹೋಗುತ್ತದೆ.