ಮೆಕ್ಯಾನಿಕಲ್ ಓದಿದವರಿಗೆ ರಿಫೈನರಿ ಕೆಲಸ: ಕೋರ್ಸ್‌ಗೆ ಸಾಲ ಮಾಡಬೇಕಾ?

ಪ್ರಶ್ನೆ (ವಿದ್ಯಾರ್ಥಿ, ಮಂಡ್ಯ): ಸರ್, ಮೆಕ್ಯಾನಿಕಲ್ ಕೊನೇ ವರ್ಷ ಓದುತ್ತಿದ್ದೇನೆ. ರಿಫೈನರಿಯಲ್ಲಿ ಕೆಲಸ ಮಾಡುವ ಆಸೆ. ಆಯಿಲ್ ಅಂಡ್ ಗ್ಯಾಸ್ ಡಿಪ್ಲೊಮಾ ಮಾಡಿದರೆ ಗಲ್ಫ್‌ನಲ್ಲಿ ಕೆಲಸ ಗ್ಯಾರಂಟಿ ಅಂತ ಒಂದು ಸಂಸ್ಥೆಯವರು ಒಂದೂವರೆ ಲಕ್ಷ ಕೇಳುತ್ತಿದ್ದಾರೆ. ಅಪ್ಪ ಸಾಲ ಮಾಡಲು ಒಪ್ಪಿದ್ದಾರೆ. ಸೇರಲಾ?

ಉತ್ತರ (ರಿಫೈನರಿ ಮೇಂಟೆನೆನ್ಸ್ ಎಂಜಿನಿಯರ್, ಊರು ಮೈಸೂರು): ಬೇಡ. ಸಾಲ ಬೇಡ ಅಂತ ಅಪ್ಪನಿಗೆ ಇವತ್ತೇ ಹೇಳಿಬಿಡಿ. ಕೆಲಸದ ಗ್ಯಾರಂಟಿ ಕೊಡುವವರನ್ನು ನಂಬಬೇಡಿ.

ರಿಫೈನರಿಯಲ್ಲಿ ಮೆಕ್ಯಾನಿಕಲ್‌ನವರ ಕೆಲಸ ಅಂದರೆ ಬಹುಪಾಲು ಪಂಪು, ಕಂಪ್ರೆಸರ್, ಟರ್ಬೈನ್, ಹೀಟ್ ಎಕ್ಸ್‌ಚೇಂಜರ್, ಪೈಪಿಂಗ್. ಇಂಟರ್‌ವ್ಯೂನಲ್ಲಿ ನಾನು ಕೇಳುವ ಪ್ರಶ್ನೆ ಒಂದಿದೆ. ಪಂಪಿನೊಳಗೆ ಜಲ್ಲಿ ಹಾಕಿ ಅಲ್ಲಾಡಿಸಿದಂತೆ ಸದ್ದು ಬರುತ್ತಿದೆ, ಏನಾಗಿರಬಹುದು? ಕ್ಯಾವಿಟೇಶನ್ ಅಂತ ಎಲ್ಲರೂ ಹೇಳುತ್ತಾರೆ. ಸಕ್ಷನ್ ಕಡೆ, ಅಂದರೆ ಪಂಪು ದ್ರವವನ್ನು ಒಳಗೆಳೆಯುವ ಕಡೆ, ಒತ್ತಡ ಕಡಿಮೆಯಾಗಿ ದ್ರವ ಅಲ್ಲೇ ಆವಿಯ ಗುಳ್ಳೆಯಾಗುತ್ತದೆ, ಆ ಗುಳ್ಳೆಗಳು ಒಡೆದು ಪಂಪಿನೊಳಗೆ ತಿರುಗುವ ಚಕ್ರವನ್ನು (ಇಂಪೆಲ್ಲರ್) ತಿಂದುಹಾಕುತ್ತವೆ. ಸರಿ, ಮೊದಲು ಏನು ನೋಡ್ತೀರಿ ಅಂದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಸಕ್ಷನ್ ಸ್ಟ್ರೈನರ್ (ಕಸ ತಡೆಯುವ ಜಾಲರಿ) ಕಟ್ಟಿಕೊಂಡಿದೆಯಾ, ವಾಲ್ವ್ ಪೂರ್ತಿ ತೆರೆದಿದೆಯಾ, ಟ್ಯಾಂಕ್ ಮಟ್ಟ ಎಷ್ಟಿದೆ ಎನ್ನುವವರು ಪಂಪು ಮುಟ್ಟಿದವರು. ಅಂಥವರು ನಮಗೆ ಬೇಕು.

ಅದನ್ನು ಕಲಿಯಲು ನಿಮ್ಮ ಜಿಲ್ಲೆಯಲ್ಲೇ ಸಕ್ಕರೆ ಕಾರ್ಖಾನೆಗಳಿವೆ, ಅಲ್ವಾ? ಬಾಯ್ಲರ್, ಸ್ಟೀಮ್ ಟರ್ಬೈನ್, ಸಾಲು ಸಾಲು ಪಂಪು. ಕಬ್ಬು ನುರಿಸುವ ಹಂಗಾಮು ಮುಗಿದ ಮೇಲೆ ಅಲ್ಲಿ ಓವರ್‌ಹಾಲ್ ನಡೆಯುತ್ತದೆ. ಆಗ ಇಂಟರ್ನ್‌ಶಿಪ್ ಕೇಳಿ ಹೋಗಿ. ಬೇರಿಂಗ್ ಬಿಚ್ಚುವುದು, ಮೆಕ್ಯಾನಿಕಲ್ ಸೀಲ್ ಹಾಕುವುದು, ಡಯಲ್ ಗೇಜ್ ಇಟ್ಟು ಕಪ್ಲಿಂಗ್ ಅಲೈನ್‌ಮೆಂಟ್ ಸರಿಮಾಡುವುದು, ಎಲ್ಲವನ್ನೂ ಫಿಟ್ಟರ್‌ಗಳ ಪಕ್ಕ ನಿಂತು ನೋಡಿ. ರಿಪೇರಿಗೆಂದು ರಿಫೈನರಿ ನಿಲ್ಲಿಸುವ ನಮ್ಮ ಶಟ್‌ಡೌನ್‌ನಲ್ಲೂ ಇದೇ ಕೆಲಸ.

ಜೊತೆಗೆ ಗೇಟ್ (GATE, ಎಂಜಿನಿಯರಿಂಗ್‌ನವರ ರಾಷ್ಟ್ರಮಟ್ಟದ ಪರೀಕ್ಷೆ) ಬರೆಯಿರಿ. ಸರ್ಕಾರಿ ತೈಲ, ಅನಿಲ ಕಂಪನಿಗಳಾದ ಒಎನ್‌ಜಿಸಿ, ಗೇಲ್, ನಮ್ಮ ಮಂಗಳೂರಿನ ರಿಫೈನರಿ ಎಂಆರ್‌ಪಿಎಲ್ ಗೇಟ್ ಅಂಕದ ಮೇಲೆ ಎಂಜಿನಿಯರ್‌ಗಳನ್ನು ತೆಗೆದುಕೊಂಡಿವೆ. ಇನ್ನೊಂದು ತೈಲ ಕಂಪನಿ ಎಚ್‌ಪಿಸಿಎಲ್ ತನ್ನದೇ ಪರೀಕ್ಷೆ ನಡೆಸುತ್ತದೆ. ಕ್ರಮ ಬದಲಾಗುತ್ತಿರುತ್ತದೆ, ಆ ವರ್ಷದ ಅಧಿಸೂಚನೆ ಓದಿ. ಸೀಟು ಕಡಿಮೆ, ಪೈಪೋಟಿ ಜಾಸ್ತಿ. ಆದ್ದರಿಂದ ರಿಫೈನರಿಗಳ ಕೆಲಸ ಗುತ್ತಿಗೆ ಹಿಡಿಯುವ ಕಾಂಟ್ರಾಕ್ಟ್ ಕಂಪನಿಗಳಿಗೂ ಅರ್ಜಿ ಹಾಕಿ.

ಪ್ರಶ್ನೆ (ಇನ್ನೊಬ್ಬರು, ಹೂಟಗಳ್ಳಿ, ಮೈಸೂರು): ನಾನು ವಾಹನದ ಬಿಡಿಭಾಗದ ಕಾರ್ಖಾನೆಯಲ್ಲಿ ವೆಲ್ಡಿಂಗ್ ಕ್ವಾಲಿಟಿ ನೋಡ್ತೀನಿ. ರಿಫೈನರಿಗೆ ಬರಲು ನನಗೆ ದಾರಿ ಇದೆಯಾ?

ಉತ್ತರ: ಇದೆ, ಇನ್‌ಸ್ಪೆಕ್ಷನ್ ಕಡೆ. ಎನ್‌ಡಿಟಿ (ವಸ್ತುವನ್ನು ಹಾಳುಮಾಡದೆ ಒಳಗಿನ ದೋಷ ಹುಡುಕುವ ಪರೀಕ್ಷೆ) ಲೆವೆಲ್ 2 ಸರ್ಟಿಫಿಕೇಟ್ ಮಾಡಿಕೊಳ್ಳಿ. ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರ್‌ಗಳ ಸಂಘ ಎಎಸ್‌ಎಂಇಯ ಕೋಡ್‌ಗಳಲ್ಲಿ ವೆಲ್ಡಿಂಗ್‌ಗೆ ಸೆಕ್ಷನ್ 9, ಪೈಪಿಂಗ್‌ಗೆ ಬಿ 31.3 ಓದಿ. ಎಪಿಐ 570ರಂಥ (ಪೈಪಿಂಗ್ ಇನ್‌ಸ್ಪೆಕ್ಟರ್) ಸರ್ಟಿಫಿಕೇಟ್‌ಗೆ ಪರೀಕ್ಷೆಯ ಜೊತೆ ಅನುಭವವೂ ಬೇಕು, ಅದಕ್ಕೆ ಈಗಲೇ ದುಡ್ಡು ಕಟ್ಟಬೇಡಿ.

ಪ್ರಶ್ನೆ (ಅದೇ ವಿದ್ಯಾರ್ಥಿ): ಮುಂದೆ ಗಲ್ಫ್‌ಗೆ ಏಜೆಂಟ್ ಮೂಲಕ ಹೋಗಬಹುದಾ ಸರ್?

ಉತ್ತರ: ಕೆಲವು ವರ್ಷ ಇಲ್ಲಿ ಪ್ಲಾಂಟ್‌ನಲ್ಲಿ ದುಡಿದ ಮೇಲೆ ಹೋಗಿ. ಏಜೆಂಟ್ ಹೆಸರು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ನೋಂದಣಿಯಾಗಿದೆಯಾ ನೋಡಿ. ನಿಯಮದ ಪ್ರಕಾರ ಅವರು ಗರಿಷ್ಠ 30,000 ರೂಪಾಯಿ ಮತ್ತು ಜಿಎಸ್‌ಟಿ ಮಾತ್ರ ಪಡೆಯಬಹುದು. ಜಾಸ್ತಿ ಕೇಳಿದರೆ ಪಾಸ್‌ಪೋರ್ಟ್ ಕೊಡಬೇಡಿ, ಎದ್ದು ಬನ್ನಿ.