ಬಾಗಿದ ಕನ್ನಡಿಯಲ್ಲಿ ದೇಹದ ಚಿತ್ರ: ಫೋಕಸ್ ಕೂರುತ್ತಿಲ್ಲ, ಅಂಚು ಎರಡೆರಡು ಕಾಣುತ್ತಿದೆ

ನೆರಳುಗೆರೆ:

ಛಾಯಾಗ್ರಾಹಕ ಆಂದ್ರೆ ಕರ್ಟೇಶ್ 1933ರಲ್ಲಿ ಪ್ಯಾರಿಸ್‌ನಲ್ಲಿ ಬಾಗುಗನ್ನಡಿ ಇಟ್ಟು ತೆಗೆದ ನಗ್ನಚಿತ್ರಗಳ ಸರಣಿಯನ್ನು ನೋಡಿದವರಿಗೆ ನಾನು ಏನು ಹುಡುಕುತ್ತಿದ್ದೇನೆ ಎಂದು ಗೊತ್ತಾಗುತ್ತದೆ. ದೇಹ ಕರಗಿ ಹರಿದಂತೆ ಕಾಣಬೇಕು, ಆದರೂ ಅದು ದೇಹ ಅನ್ನಿಸಬೇಕು.

ಸದ್ಯದ ಸಲಕರಣೆ: 4 ಅಡಿ ಉದ್ದ, 2 ಅಡಿ ಅಗಲ, 3 ಮಿ.ಮೀ. ದಪ್ಪದ ಅಕ್ರಿಲಿಕ್ ಕನ್ನಡಿ ಹಾಳೆ. ಅದನ್ನು ಅಡ್ಡ ಮಲಗಿಸಿ, ಎರಡು ತುದಿಗೂ ಜಿ ಕ್ಲ್ಯಾಂಪ್ ಹಾಕಿ, ಹಾಳೆಯ ಹೊಟ್ಟೆ (ನಡುಭಾಗ) ಮುಂದೆ ಉಬ್ಬುವ ಹಾಗೆ ಬಾಗಿಸಿದ್ದೇನೆ. ಫುಲ್ ಫ್ರೇಮ್ ಕ್ಯಾಮೆರಾ, 50 ಮಿ.ಮೀ. ಲೆನ್ಸ್, ಅಪರ್ಚರ್ (ಲೆನ್ಸಿನ ತೂತು; ಎಫ್ ಅಂಕಿ ಹೆಚ್ಚಿದಷ್ಟೂ ಕಿರಿದು, ಸ್ಪಷ್ಟ ಕಾಣುವ ದೂರ ಹೆಚ್ಚು) ಎಫ್/2.8. ಎರಡು ಹ್ಯಾಲೊಜೆನ್ ದೀಪ, ಹಿಂದೆ ಕಪ್ಪು ಬಟ್ಟೆ. ಚಿತ್ರಕ್ಕೆ ನಿಲ್ಲುವವರು ವಯಸ್ಕ ನೃತ್ಯ ಕಲಾವಿದೆ. ಬೆನ್ನು, ಭುಜ, ಕೈ ಮಾತ್ರ ತೆಗೆಯುವುದೆಂದು ಮೊದಲೇ ಮಾತಾಗಿದೆ.

ತೊಂದರೆ ನಾಲ್ಕು. ತೋಳಿನ ಅಂಚು ಚೂಪಾಗಿ ಬಂದರೆ ಬೆರಳಿನ ಗೆಣ್ಣಿನ ಗೆರೆಗಳು ಮಸುಕು. ಗೆಣ್ಣು ಸರಿಮಾಡಿದರೆ ತೋಳು ಮಸುಕು. ಹೊಳೆಯುವ ಅಂಚುಗಳ ಪಕ್ಕ ಇನ್ನೊಂದು ಮಂಕು ಅಂಚು. ಅರ್ಧ ಗಂಟೆಯಾದ ಮೇಲೆ ಕನ್ನಡಿಯಲ್ಲಿ ಸಣ್ಣ ಅಲೆ. ಇದೆಲ್ಲಕ್ಕಿಂತ ಹೆಚ್ಚಾಗಿ, ಬಂದ ಚಿತ್ರ ವಸ್ತುಪ್ರದರ್ಶನದ ನಗೆಗನ್ನಡಿಯ ಹಾಗೆ ಕಾಣುತ್ತಿದೆ. ಇದನ್ನೆಲ್ಲ ಬಿಟ್ಟು ಸಾಫ್ಟ್‌ವೇರ್‌ನಲ್ಲೇ ಲಿಕ್ವಿಫೈ ಮಾಡುವುದು (ತೆಗೆದ ಚಿತ್ರವನ್ನು ಎಳೆದು ಡೊಂಕಾಗಿಸುವುದು) ಮೇಲೋ?

ಗಾಜುಗಣ್ಣು:

ಮೊದಲನೆಯದು ನಿಮ್ಮ ಲೆನ್ಸಿನ ತಪ್ಪಲ್ಲ, ಕನ್ನಡಿಯ ಗುಣ. ಒಂದೇ ದಿಕ್ಕಿಗೆ ಬಾಗಿದ ಕನ್ನಡಿ ಒಂದೇ ವಸ್ತುವಿಗೆ ಎರಡು ಫೋಕಸ್ ದೂರ ಕೊಡುತ್ತದೆ.

ಲೆಕ್ಕ ಹಾಕಿ ನೋಡಿ. ಕನ್ನಡಿಯ ಬಾಗಿನ ತ್ರಿಜ್ಯ ಸುಮಾರು 117 ಸೆಂ.ಮೀ. ಅಂದುಕೊಳ್ಳಿ. ನಾಭಿದೂರ (ಫೋಕಲ್ ಲೆಂಗ್ತ್) ಅದರ ಅರ್ಧ, 58 ಸೆಂ.ಮೀ. ದೇಹ ಕನ್ನಡಿಯಿಂದ 1 ಮೀಟರ್, ಕ್ಯಾಮೆರಾ ಒಂದೂವರೆ ಮೀಟರ್ ದೂರ. ಮೇಲೆ ಕೆಳಗಿನ ದಿಕ್ಕಿನಲ್ಲಿ ನಿಮ್ಮ ಕನ್ನಡಿ ಬಾಗಿಲ್ಲ, ಹಾಗಾಗಿ ಆ ದಿಕ್ಕಿಗೆ ಪ್ರತಿಬಿಂಬ ಕನ್ನಡಿಯ ಹಿಂದೆ 1 ಮೀಟರ್‌ನಲ್ಲೇ ಇರುತ್ತದೆ. ಬಾಗಿದ ದಿಕ್ಕಿಗೆ ಅದು ಕೇವಲ 37 ಸೆಂ.ಮೀ. ಹಿಂದೆ. ಅಂದರೆ ನಿಂತ ಗೆರೆಗಳು (ಇಳಿಬಿಟ್ಟ ತೋಳಿನ ಅಂಚು) ಚೂಪಾಗುವುದು 1.87 ಮೀಟರ್‌ಗೆ, ಅಡ್ಡ ಗೆರೆಗಳು (ಗೆಣ್ಣಿನ ಮಡಿಕೆ) ಚೂಪಾಗುವುದು 2.5 ಮೀಟರ್‌ಗೆ. ಎಫ್/2.8ರಲ್ಲಿ 2.1 ಮೀಟರ್‌ಗೆ ಫೋಕಸ್ ಇಟ್ಟರೆ 1.96ರಿಂದ 2.26ರವರೆಗೆ ಮಾತ್ರ ಸ್ಪಷ್ಟ. ಎರಡು ಗೆರೆಗಳೂ ಹೊರಗುಳಿದವು. ಎಫ್/8ರಲ್ಲಿ 1.75ರಿಂದ 2.63ರವರೆಗೆ ಸಿಗುತ್ತದೆ, ಎರಡೂ ಒಳಗೆ ಬಂದವು. ನಾನಾದರೆ ಎಫ್/11 ಇಟ್ಟುಬಿಡುತ್ತೇನೆ, ಯಾಕೆಂದರೆ ಕಲಾವಿದೆ ಒಂದು ಹೆಜ್ಜೆ ಮುಂದೆ ಬಂದರೂ ಅಂಕಿಗಳೆಲ್ಲ ಬದಲಾಗುತ್ತವೆ.

ಆಟೊಫೋಕಸ್ ಆಫ್ ಮಾಡಿ. ಅದು ಕನ್ನಡಿಯ ಮೇಲಿನ ಧೂಳನ್ನೋ ಚೌಕಟ್ಟನ್ನೋ ಹಿಡಿಯುತ್ತದೆ, ಇಲ್ಲವೇ ಎರಡು ದೂರಗಳ ನಡುವೆ ಹಿಂದೆ ಮುಂದೆ ಓಡಾಡುತ್ತದೆ. ಒಂದು ರಟ್ಟಿನ ಮೇಲೆ ದಪ್ಪ ಕೂಡುವ ಚಿಹ್ನೆ ಬರೆದು ದೇಹ ಇರಬೇಕಾದ ಜಾಗದಲ್ಲಿ ನಿಲ್ಲಿಸಿ. ಲೈವ್ ವ್ಯೂನಲ್ಲಿ ಹಿಗ್ಗಿಸಿ ರಿಂಗ್ ತಿರುಗಿಸಿ. ಚಿಹ್ನೆಯ ನಿಂತ ಗೆರೆ ಚೂಪಾದಾಗ ಒಂದು ಗುರುತು, ಅಡ್ಡ ಗೆರೆ ಚೂಪಾದಾಗ ಇನ್ನೊಂದು. ರಿಂಗನ್ನು ಎರಡರ ನಡುವೆ ಇಟ್ಟು ಟೇಪ್ ಹಚ್ಚಿ.

ಜೋಡಿ ಅಂಚಿಗೆ ಕಾರಣ ಬೇರೆ. ಅಕ್ರಿಲಿಕ್ ಕನ್ನಡಿಯ ಲೇಪ ಇರುವುದು ಹಿಂಬದಿಯಲ್ಲಿ. ಮುಂಬದಿಯ ಮೈಯೂ ಶೇ. 4ರಷ್ಟು ಬೆಳಕನ್ನು ತಾನೇ ಹಿಂದಿರುಗಿಸುತ್ತದೆ. 45 ಡಿಗ್ರಿ ಓರೆಯಲ್ಲಿ ನೋಡಿದರೆ 3 ಮಿ.ಮೀ. ಹಾಳೆಯಲ್ಲಿ ಈ ಎರಡರ ನಡುವೆ 2 ಮಿ.ಮೀ.ಗಿಂತ ಸ್ವಲ್ಪ ಹೆಚ್ಚೇ ಅಂತರ ಬೀಳುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಹೊಳೆಯುವ ಚರ್ಮವಿದ್ದರೆ ಆ ಶೇ. 4 ಕೂಡ ಎದ್ದು ಕಾಣುತ್ತದೆ. ಓರೆ 25 ಡಿಗ್ರಿ ದಾಟದಂತೆ ನೋಡಿಕೊಳ್ಳಿ, 2 ಮಿ.ಮೀ. ಹಾಳೆಗೆ ಹೋಗಿ. ಇಷ್ಟು ಕಡಿಮೆ ಓರೆಯಲ್ಲಿ ಪೋಲರೈಸರ್ (ಪ್ರತಿಫಲನ ತಗ್ಗಿಸುವ ಫಿಲ್ಟರ್) ಹಾಕಿ ಪ್ರಯೋಜನವಿಲ್ಲ, ಬೆಳಕು ಮಾತ್ರ ನಷ್ಟ.

ರೀಪರ್‌ಪಟ್ಟಿ:

ಕನ್ನಡಿಯ ವಿಚಾರ ನಾನು ಹೇಳ್ತೀನಿ. ಅಲೆ ಬರೋದು ಹ್ಯಾಲೊಜೆನ್ ಕಾವಿಗೆ. 120 ಸೆಂ.ಮೀ. ಅಕ್ರಿಲಿಕ್ 10 ಡಿಗ್ರಿ ಕಾವೇರಿದ್ರೆ ಸುಮಾರು 0.8 ಮಿ.ಮೀ. ಹಿಗ್ಗುತ್ತೆ. ಎರಡೂ ತುದಿ ಕ್ಲ್ಯಾಂಪಲ್ಲಿ ಬಿಗಿಯಾಗಿದ್ರೆ ಆ ಹಿಗ್ಗು ಎಲ್ಲಿಗೆ ಹೋಗ್ಬೇಕು? ಅಲ್ಲಲ್ಲೇ ಉಬ್ಬುತ್ತೆ. ಹ್ಯಾಲೊಜೆನ್ ತೆಗೆದು ಎಲ್‌ಇಡಿ ಹಾಕಿ. ಜೊತೆಗೆ ಕ್ಲ್ಯಾಂಪನ್ನೇ ಬಿಟ್ಟುಬಿಡಿ. ಹಲಗೆ ಮೇಲೆ ಎರಡು ರೀಪರ್ ಪಟ್ಟಿ ಹೊಡೆದು, ಒಳಗಡೆ ಗಾಡಿ (ಉದ್ದನೆ ತೋಡು) ಮಾಡಿ, ಹಾಳೆಯ ತುದಿಯನ್ನ ಆ ಗಾಡಿಗೆ ಸುಮ್ನೆ ಕೂರಿಸಿ. ತುದಿ ತಿರುಗೋಕೆ ಬಿಡುವು ಇರ್ಬೇಕು.

ಹೀಗೆ ಕೂರಿಸೋದ್ರಲ್ಲಿ ಇನ್ನೊಂದು ಲಾಭ ಇದೆ. ತುದಿಯಿಂದ ಒತ್ತಿ ಬಾಗಿಸಿದ ಹಾಳೆ ಸರಿಯಾದ ವೃತ್ತದ ತುಂಡಾಗಿರಲ್ಲ. ನಡುವೆ ಬಾಗು ಜಾಸ್ತಿ, ತುದಿಗೆ ಹೋಗ್ತಾ ಹೋಗ್ತಾ ಚಪ್ಪಟೆ. ನಡುವೆ ಬಂದ ಭಾಗ ಕರಗುತ್ತೆ, ತುದಿಗೆ ಬಂದ ಭಾಗ ಹೆಚ್ಚುಕಮ್ಮಿ ಇದ್ದ ಹಾಗೇ ಉಳಿಯುತ್ತೆ.

ಅಳತೆ ಬೇಕಂದ್ರೆ: 120 ಸೆಂ.ಮೀ. ಹಾಳೆಯ ತುದಿಗಳನ್ನ 117ಕ್ಕೆ ತಂದ್ರೆ ಹೊಟ್ಟೆ ಸುಮಾರು 12 ಸೆಂ.ಮೀ. ಎದ್ದೇಳುತ್ತೆ, ನಡುವಿನ ತ್ರಿಜ್ಯ ಸುಮಾರು 117 ಸೆಂ.ಮೀ. ತುದಿಗಳನ್ನ 113ಕ್ಕೆ ತಂದ್ರೆ ಹೊಟ್ಟೆ 18, ತ್ರಿಜ್ಯ 78ರ ಹತ್ತಿರ. ತಣ್ಣಗೆ ಬಾಗಿಸುವಾಗ ತ್ರಿಜ್ಯ ದಪ್ಪದ 300 ಪಟ್ಟಿಗಿಂತ ಕಡಿಮೆ ಆಗ್ಬಾರ್ದು ಅನ್ನೋ ಲೆಕ್ಕ ಹಿಡಿದ್ರೆ, 3 ಮಿ.ಮೀ. ಹಾಳೆಗೆ 90 ಸೆಂ.ಮೀ. ಮಿತಿ, 2 ಮಿ.ಮೀ.ಗೆ 60. ಅಂದ್ರೆ ನಿಮ್ಮ ಈಗಿನ ಹಾಳೇನ 113ಕ್ಕೆ ಒತ್ತಬೇಡಿ.

ಒಂದು ಮಾತು ಖಂಡಿತ ನೆನಪಿಡಿ: ಬಾಗಿಸಿಟ್ಟ ಅಕ್ರಿಲಿಕ್‌ಗೆ ಸ್ಪಿರಿಟ್, ಥಿನ್ನರ್, ಗಾಜು ಒರೆಸೋ ದ್ರಾವಣ ಯಾವುದೂ ತಾಗಬಾರ್ದು. ಒತ್ತಡದಲ್ಲಿರೋ ಹಾಳೆಗೆ ಆಲ್ಕೊಹಾಲ್ ಬಿದ್ರೆ ಕೂದಲೆಳೆಯಂಥ ಬಿರುಕು ಬಿಡುತ್ತೆ, ಆಮೇಲೆ ಅದು ಹೋಗೋದೇ ಇಲ್ಲ. ಬ್ಲೋವರ್‌ನಿಂದ ಧೂಳು ಊದಿ, ಎರಡು ಹನಿ ಸೋಪು ಹಾಕಿದ ನೀರಲ್ಲಿ ಮೆತ್ತನೆ ಬಟ್ಟೆ ಅದ್ದಿ ಒತ್ತಿ ಒತ್ತಿ ತೆಗೀರಿ. ತಿಕ್ಕಬೇಡಿ. ನಾಮಫಲಕ ಮಾಡೋರ ಹತ್ರ ಹಾಳೆ ಕತ್ತರಿಸಿಕೊಳ್ಳುವಾಗ ಮುಂದಿನ ರಕ್ಷಣಾ ಹಾಳೆ ಕೀಳಿಸಬೇಡಿ, ಹಿಂದಿನ ಬಣ್ಣ ಗೀಚದಂತೆ ನೋಡ್ಕೊಳ್ಳಿ. ಹಿಂದೆ ಗೀಚಿದ್ರೆ ಮುಂದೆ ಕಪ್ಪು ಚುಕ್ಕೆ.

ಕಪ್ಪುಬಿಳುಪು:

ನಾಲ್ಕನೆಯ ತೊಂದರೆಯೇ ನಿಜವಾದದ್ದು. ರೀಪರ್‌ಪಟ್ಟಿಯವರು ತುದಿ ಚಪ್ಪಟೆ ಉಳಿಯುತ್ತದೆ ಅಂದರಲ್ಲ, ಉತ್ತರ ಅಲ್ಲೇ ಇದೆ.

ನಗೆಗನ್ನಡಿಯಲ್ಲಿ ಇಡೀ ಮನುಷ್ಯ, ಮುಖ ಸಮೇತ, ಒಂದೇ ಹದದಲ್ಲಿ ಡೊಂಕಾಗುತ್ತಾನೆ. ಕಣ್ಣಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ, ಅದಕ್ಕೇ ನಗು. ದೇಹದ ಒಂದು ಭಾಗ ಸರಿಯಾದ ಅಳತೆಯಲ್ಲಿ, ಚೂಪಾಗಿ ಉಳಿಯಲೇಬೇಕು. ಒಂದು ಕೈಯಾದರೆ ತುಂಬ ಒಳ್ಳೆಯದು, ಯಾಕೆಂದರೆ ಬೆರಳುಗಳ ಅಳತೆ ಎಲ್ಲರಿಗೂ ಗೊತ್ತು. ಆ ಕೈಯಿಂದ ಹೊರಟ ತೋಳು ಕನ್ನಡಿಯ ನಡುವಿಗೆ ಹೋಗುತ್ತ ಕರಗಿದಾಗ ನೋಡುವವರಿಗೆ ಅದು ತಮ್ಮ ಮೈಯಲ್ಲೇ ಆದಂತೆ ಅನ್ನಿಸುತ್ತದೆ. ಮುಖವನ್ನು ಬಾಗಿನಿಂದ ಆಚೆ ಇಡಿ, ಇಲ್ಲವೇ ಚೌಕಟ್ಟಿನಿಂದಲೇ ಹೊರಗಿಡಿ.

ಕರ್ಟೇಶ್ ಈ ಸರಣಿಗೆ ತೆಗೆದದ್ದು ಸುಮಾರು 200 ಚಿತ್ರ, ಇಬ್ಬರೇ ರೂಪದರ್ಶಿಗಳು. ಪ್ಯಾರಿಸ್ಸಿನ ‘ಲ ಸೂರೀರ್’ ಪತ್ರಿಕೆ ಕೇಳಿತ್ತು. ಸರಣಿ ಪೂರ್ತಿ ಪುಸ್ತಕವಾದದ್ದು 1976ರಲ್ಲಿ. ಅದಕ್ಕೂ ಬಹಳ ಮೊದಲು, 1917ರಲ್ಲಿ ಹಂಗೇರಿಯ ಎಸ್ತರ್‌ಗೋಮ್‌ನಲ್ಲಿ, ಕೊಳದ ನೀರಿನಡಿ ಈಜುತ್ತಿದ್ದವನನ್ನು ಅವರು ತೆಗೆದಿದ್ದರು. ಅಲ್ಲಿ ನೀರೇ ಕನ್ನಡಿಯ ಕೆಲಸ ಮಾಡಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಎಲ್ಲಿ ಕರಗುತ್ತದೆ, ಎಲ್ಲಿ ಉಳಿಯುತ್ತದೆ ಎಂಬುದರ ಮೇಲೆ ಬೆರಳಿಡುತ್ತ ಹೋಗಿ.

ಬೆಳಕು: ಒಂದೇ ದೊಡ್ಡ ಮೆದು ಬೆಳಕು, ಪಕ್ಕದಿಂದ. ಎರಡು ದೀಪವಿದ್ದರೆ ನೆರಳು ಎರಡಾಗಿ, ಕನ್ನಡಿಯಲ್ಲಿ ನಾಲ್ಕು ದಿಕ್ಕಿಗೆ ಎಳೆದು ಗಲೀಜಾಗುತ್ತದೆ. ಭುಜ, ಬೆನ್ನಿಗೆ ತೀರ ತೆಳುವಾಗಿ ಕೊಬ್ಬರಿ ಎಣ್ಣೆ ಸವರಿದರೆ ಬರುವ ಹೊಳಪನ್ನು ಕನ್ನಡಿ ಉದ್ದನೆಯ ಎಳೆಯಾಗಿ ಎಳೆಯುತ್ತದೆ, ರೂಪ ಹರಿದಂತೆ ಕಾಣುವುದು ಬಹುಪಾಲು ಅದರಿಂದಲೇ. ಅಂಗೈ, ಅಂಗಾಲಿಗೆ ಎಣ್ಣೆ ಬೇಡ. ನೆಲ ಜಾರುತ್ತದೆ, ಕನ್ನಡಿಗೆ ಅಚ್ಚು ಬೀಳುತ್ತದೆ. ಹಿನ್ನೆಲೆ ಕಪ್ಪಾದ್ದರಿಂದ ಕ್ಯಾಮೆರಾದ ಮೀಟರ್ ಹೆಚ್ಚು ಬೆಳಕು ಕೊಟ್ಟು ಚರ್ಮವನ್ನು ಸುಡುತ್ತದೆ. ಸ್ಪಾಟ್ ಮೀಟರನ್ನು (ಸಣ್ಣ ಜಾಗದ ಬೆಳಕನ್ನಷ್ಟೇ ಅಳೆಯುವಂಥದ್ದು) ಚರ್ಮದ ಬೆಳಗಿದ ಭಾಗಕ್ಕೆ ಹಿಡಿಯಿರಿ. ಕಪ್ಪುಬಿಳುಪಿಗೆ ತಿರುಗಿಸುವಾಗ ಕೆಂಪು ಚಾನೆಲ್ ಕಂದು ಚರ್ಮವನ್ನು ನುಣುಪಾಗಿ ಬೆಳಗಿಸುತ್ತದೆ. ನೀಲಿ ಅದನ್ನು ಕಪ್ಪಾಗಿಸಿ ಪ್ರತಿ ಕಲೆಯನ್ನೂ ಎತ್ತಿ ತೋರಿಸುತ್ತದೆ.

ಉಬ್ಬುಗನ್ನಡಿ ಅಗಲವಾಗಿ ನೋಡುವುದರಿಂದ ಕ್ಯಾಮೆರಾ, ಸ್ಟ್ಯಾಂಡ್, ನೀವು ಎಲ್ಲ ಒಳಗೆ ಬರುತ್ತೀರಿ. ಕಪ್ಪು ಬಟ್ಟೆಯಲ್ಲಿ ಲೆನ್ಸಿನಷ್ಟೇ ತೂತು ಮಾಡಿ ಅದರ ಹಿಂದೆ ನಿಲ್ಲಿ.

ನೆರಳುಗೆರೆ:

ಎಲ್ಲರಿಗೂ ಧನ್ಯವಾದ. ಚಿಹ್ನೆ ಬರೆದ ರಟ್ಟಿನಲ್ಲಿ ನೋಡಿದೆ, ಎರಡು ಫೋಕಸ್ ಇರುವುದು ಸ್ಪಷ್ಟವಾಗಿ ಕಂಡಿತು. ಎರಡು ಸಂಶಯ. ಹಾಳೆಯನ್ನು ಒಳಕ್ಕೆ ತಗ್ಗಿಸಿದರೆ ಏನಾಗುತ್ತದೆ? ಕನ್ನಡಿ ಇಲ್ಲದೆ, ಬರೀ ವೈಡ್ ಲೆನ್ಸಿನಲ್ಲಿ ಇಂಥದ್ದು ಸಾಧ್ಯವೇ?

ಗಾಜುಗಣ್ಣು:

ತಗ್ಗುಗನ್ನಡಿಯಲ್ಲಿ ದೇಹ ನಾಭಿದೂರಕ್ಕಿಂತ ಹತ್ತಿರವಿದ್ದರೆ ಹಿಗ್ಗುತ್ತದೆ. ನಾಭಿದೂರ 1 ಮೀಟರ್ ಇರುವ ಕನ್ನಡಿಯಿಂದ 50 ಸೆಂ.ಮೀ.ನಲ್ಲಿರುವ ಕೈಯ ಪ್ರತಿಬಿಂಬ ಬಾಗಿದ ದಿಕ್ಕಿಗೆ ಎರಡು ಪಟ್ಟು. 90 ಸೆಂ.ಮೀ.ಗೆ ಹೋದರೆ 10 ಪಟ್ಟು, ಆದರೆ ಆ ಪ್ರತಿಬಿಂಬ ಕನ್ನಡಿಯಿಂದ 9 ಮೀಟರ್ ಹಿಂದೆ, ಹಾಗಾಗಿ ಅಲ್ಲಿ ಎಫ್/11 ಕೂಡ ಸಾಲದು. ನಾಭಿದೂರವನ್ನು ದಾಟಿದರೆ ಎಡಬಲ ತಿರುಗಿಬಿಡುತ್ತದೆ. ಆ ಗಡಿಯ ಮೇಲೆ ನಿಂತ ಅಂಗ ಪೂರ್ತಿ ಹರಡಿಹೋಗುತ್ತದೆ. ಒಂದು ಮೊಣಕೈಯನ್ನು ಗಡಿಯಲ್ಲಿಟ್ಟು ಅಂಗೈಯನ್ನು ಕನ್ನಡಿಗೆ ಹತ್ತಿರ ಚಾಚಿಸಿ ನೋಡಿ, ನೀವು ಕೇಳಿದ ಕರಗುವಿಕೆ ಅದೇ.

ಲಿಕ್ವಿಫೈ ಬಗ್ಗೆ ಯಾರೂ ಹೇಳಲಿಲ್ಲ. ಅದು ಕ್ಯಾಮೆರಾ ಕಂಡದ್ದನ್ನಷ್ಟೇ ಎಳೆಯಬಲ್ಲದು, ಎಳೆದಲ್ಲಿ ವಿವರ ತೆಳುವಾಗುತ್ತದೆ, ಗ್ರೇನ್ (ಚಿತ್ರದ ಸಣ್ಣ ಕಾಳು) ಕೂಡ ಉದ್ದವಾಗಿ ಗುಟ್ಟು ಬಿಟ್ಟುಕೊಡುತ್ತದೆ. ಕನ್ನಡಿ ದೇಹವನ್ನು ಬೇರೆ ಬೇರೆ ಕೋನದಿಂದ ಒಟ್ಟಿಗೆ ನೋಡುತ್ತದೆ. ತೋಳಿನ ಆಚೆ ಬದಿಯೂ ಚಿತ್ರಕ್ಕೆ ಬರುತ್ತದೆ. ಎಳೆದ ಪಿಕ್ಸೆಲ್ಲಿನಲ್ಲಿ ಅದು ಇರುವುದೇ ಇಲ್ಲ.

ಕಪ್ಪುಬಿಳುಪು:

ವೈಡ್ ಲೆನ್ಸಿನಲ್ಲಿ ಖಂಡಿತ ಸಾಧ್ಯ, ಆದರೆ ಡೊಂಕು ಮಾಡುವುದು ಲೆನ್ಸ್ ಅಲ್ಲ, ದೂರ. ಪಾದ 30 ಸೆಂ.ಮೀ., ಮುಖ 150 ಸೆಂ.ಮೀ. ದೂರವಿದ್ದರೆ ಪಾದ 5 ಪಟ್ಟು ದೊಡ್ಡದಾಗಿ ಕಾಣುತ್ತದೆ, ಯಾವ ಲೆನ್ಸ್ ಹಾಕಿದರೂ ಅದೇ ಪ್ರಮಾಣ. 20 ಮಿ.ಮೀ. ಲೆನ್ಸ್ ಮಾಡುವುದು ಇಷ್ಟೇ: ಅಷ್ಟು ಹತ್ತಿರದಿಂದಲೂ ಎರಡನ್ನೂ ಚೌಕಟ್ಟಿನೊಳಗೆ ಹಿಡಿಸುತ್ತದೆ. ಛಾಯಾಗ್ರಾಹಕ ಬಿಲ್ ಬ್ರ್ಯಾಂಟ್ ಲಂಡನ್ನಿನಲ್ಲಿ ಇದಕ್ಕೆ ಬಳಸಿದ್ದು ಪೊಲೀಸರು ಸ್ಥಳದ ದಾಖಲೆಗೆ ಇಟ್ಟುಕೊಳ್ಳುತ್ತಿದ್ದಂಥ ಮರದ ಹಳೆಯ ಕೊಡಾಕ್ ಕ್ಯಾಮೆರಾ. ವಿಶಾಲ ಲೆನ್ಸ್, ಸೂಜಿತೂತಿನಷ್ಟು ಅಪರ್ಚರ್. ಹಾಗಾಗಿಯೇ ಮುಂದಿನ ಮೊಣಕಾಲೂ ಹಿಂದಿನ ಕೋಣೆಯೂ ಚೂಪು. ಅವರ ನಗ್ನಚಿತ್ರಗಳ ಪುಸ್ತಕ ಬಂದದ್ದು 1961ರಲ್ಲಿ.

20 ಮಿ.ಮೀ., ಎಫ್/16, ಫೋಕಸ್ ಸುಮಾರು 50 ಸೆಂ.ಮೀ.ಗೆ ಇಟ್ಟು ಶುರುಮಾಡಿ. ಅಂಗವನ್ನು ಚೌಕಟ್ಟಿನ ಮೂಲೆಗೆ ಒಯ್ಯಬೇಡಿ, ಅಲ್ಲಿ ಇನ್ನೊಂದು ಬಗೆಯ ಎಳೆತ ಸೇರಿ ಎರಡೂ ಕಲಸಿಹೋಗುತ್ತವೆ. ಇಷ್ಟು ಹತ್ತಿರ ಹೋದಾಗ ಲೆನ್ಸಿನ ನೆರಳೇ ಮೈಮೇಲೆ ಬೀಳುತ್ತದೆ, ದೀಪವನ್ನು ಇನ್ನಷ್ಟು ಪಕ್ಕಕ್ಕೆ ಸರಿಸಿ. ಮೈಗೆ ಒಂದು ಗೇಣು ದೂರದಲ್ಲಿ ಕ್ಯಾಮೆರಾ ಹಿಡಿಯುವಾಗ ಚಿತ್ರಕ್ಕೆ ನಿಂತವರಿಗೂ ತೆರೆ ಕಾಣುವ ಹಾಗೆ ಒಂದು ಮಾನಿಟರ್ ಇಡಿ. ತಮ್ಮ ಯಾವ ಅಂಗ ಎಷ್ಟು ಹಿಗ್ಗುತ್ತಿದೆ ಎಂದು ಅವರೇ ನೋಡಿ ಭಂಗಿಯನ್ನು ತಿದ್ದಿಕೊಳ್ಳುತ್ತಾರೆ, ಬೇಡವೆನಿಸಿದರೆ ಅಲ್ಲೇ ಬೇಡ ಅನ್ನುತ್ತಾರೆ.